ಸೂಜಿ ಮುಟ್ಟದ ದಿನ

ನಾನು ಬಟ್ಟೆ ಕತ್ತರಿಸುವವಳು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಅದಕ್ಕೇ ಟೇಪು ಹಿಡಿದು ಗುರುತು ಹಾಕಿದ ಮೇಲೂ ಮತ್ತೊಮ್ಮೆ ಟೇಪು ಹಿಡಿಯದೆ ನನ್ನ ಕೈ ಕತ್ತರಿಗೆ ಹೋಗುವುದಿಲ್ಲ. ಮಸ್ಕತ್ತಿನ ವಾದಿ ಕಬೀರಿನ ಈ ಹೊಲಿಗೆ ಅಂಗಡಿಯಲ್ಲಿ ಹದಿನಾರು ವರ್ಷ ಹೀಗೇ ನಡೆದಿದೆ. ಅಂಥವಳು ಒಂದು ಸಂಜೆ ನೋಡದೇ ಇದ್ದದ್ದನ್ನು ನೋಡಿದೆ ಎಂದು ಹೇಳಿದೆ. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ನಿಧಾನಕ್ಕೆ ಬರೆಯುತ್ತೇನೆ. ಆ ಸಂಜೆ ಅವಸರ ಮಾಡಿದ್ದು ಸಾಕು.

ಅಂಗಡಿ ಇರುವುದು ಗ್ಯಾರೇಜುಗಳ ಸಾಲಿನ ಹಿಂದೆ. ಎದುರಿಗೆ ಟೈರಿನವನು, ಪಕ್ಕದಲ್ಲಿ ಬ್ಯಾಟರಿಯವನು, ಹಿಂದೆ ಸುಟ್ಟ ಬೆಲ್ಲದ ಬಣ್ಣದ ಬೋಳು ಗುಡ್ಡ. ಶಾಲೆ ತೆರೆಯುವ ಮುಂಚೆ ಯೂನಿಫಾರಂ, ರಂಜಾನಿನಲ್ಲಿ ಹಬ್ಬದ ಬಟ್ಟೆ. ಯಜಮಾನರು ಉಳ್ಳಾಲದ ಕಡೆಯ ಬ್ಯಾರಿ. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರಿಗೂ ಹಾಜಿಯವರು. ನನ್ನೊಡನೆ ತುಳು, ಹೊಲಿಗೆಯವರೊಡನೆ ಹಿಂದಿ, ಫೋನಿನಲ್ಲಿ ಬ್ಯಾರಿ, ಗಿರಾಕಿಗಳ ಹತ್ತಿರ ಅರಬಿ. ಬಯ್ಯುವುದಕ್ಕೆ ಮಾತ್ರ ಕನ್ನಡ. "ಕನ್ನಡದಲ್ಲಿ ಬೈದರೆ ಯಾರಿಗೂ ನೋವಾಗುವುದಿಲ್ಲ ಅಕ್ಕಾ, ಶಾಲೆಯ ಮಾಸ್ಟ್ರು ನೆನಪಾಗ್ತಾರೆ ಅಷ್ಟೇ" ಎನ್ನುತ್ತಾರೆ.

ಕಿಟಕಿಯ ಬಳಿಯ ಕುರ್ಚಿ ಮಾವ್ಶಿಯದು. ಮರಾಠಿಯಲ್ಲಿ ಹಾಗೆಂದರೆ ಚಿಕ್ಕಮ್ಮ. ಕೊಂಕಣದ ಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದವರು, ಗಂಡ ತೀರಿಕೊಂಡ ಮೇಲೆ ಮಸ್ಕತ್ತಿಗೆ ಬಂದವರು, ವಯಸ್ಸು ಅರವತ್ತರ ಮೇಲೆ. ಕೈಹೊಲಿಗೆ ಪೂರ್ತಿ ಅವರದು. ಒಮಾನಿ ಗಂಡಸರು ಹಾಕುವ ಕಸೂತಿ ಟೋಪಿ, ಕುಮ್ಮಾ, ಅದನ್ನು ಅವರಷ್ಟು ಸಣ್ಣಗೆ ಹೊಲಿಯುವವರು ನಮ್ಮ ಸಾಲಿನಲ್ಲಿ ಬೇರೆ ಇಲ್ಲ. ಎರಡು ಪದರ ಬಿಳಿ ಬಟ್ಟೆಗೆ ಸಾಸಿವೆಯಷ್ಟು ತೂತು ಮಾಡಿ, ತೂತಿನ ಅಂಚಿಗೆ ಸುತ್ತಲೂ ದಾರ ಸುತ್ತುತ್ತಾ ಹೋಗಬೇಕು. ಅಂಥ ಹಲವು ತೂತು ಸೇರಿ ಒಂದು ಹೂವು, ಹೂವು ಸೇರಿ ಒಂದು ಪಟ್ಟಿ. ತೂತಿನಿಂದ ತಲೆಗೆ ಗಾಳಿ. ಒಂದು ಕುಮ್ಮಾ ಮುಗಿಯಲು ತಿಂಗಳುಗಟ್ಟಲೆ ಬೇಕು.

ಎರಡು ವರ್ಷದಿಂದ ಅವರ ಎಡಗಣ್ಣಿನಲ್ಲಿ ಪೊರೆ. ಬಲಗಣ್ಣೂ ಮಂಜು. ಬೇಸಗೆ ರಜೆಯಲ್ಲಿ ಮುಂಬಯಿಗೆ ಹೋಗಿ ತೆಗೆಸುತ್ತೇನೆ ಎನ್ನುತ್ತಿದ್ದರು. ಬೆಳಗ್ಗೆ ಬಂದ ಕೂಡಲೇ ಅವರ ಸೂಜಿಗಳಿಗೆಲ್ಲ ದಾರ ಪೋಣಿಸಿ ಪಿನ್ನಿನ ದಿಂಬಿಗೆ ಚುಚ್ಚಿಡುವುದು ನನ್ನ ಕೆಲಸ. ಪೋಣಿಸಿದ ಮೇಲೆ ಅವರಿಗೆ ಕಣ್ಣು ಬೇಡ, ಬೆರಳೇ ನೋಡುತ್ತದೆ.

ಅವರು ಶನಿವಾರ ಬರುತ್ತಿರಲಿಲ್ಲ. ಶನಿವಾರದ ವ್ರತ ಎಂದು ನಾನು ತಿಳಿದಿದ್ದೆ. ಹಾಜಿಯವರು ಕ್ರಿಶ್ಚಿಯನ್ ಎಂದು ತಿಳಿದಿದ್ದರು. ಇದಲ್ಲದೆ ತಿಂಗಳಿಗೊಮ್ಮೆ, ಅಮಾವಾಸ್ಯೆ ಕಳೆದ ಮೇಲೆ, ಅವರು ಅಂಗಡಿಗೆ ಬರುತ್ತಿದ್ದರು, ಗುಂಡಿ ಎಣಿಸುತ್ತಿದ್ದರು, ಬಟ್ಟೆ ಮಡಚುತ್ತಿದ್ದರು, ಚಹಾ ಮಾಡುತ್ತಿದ್ದರು, ಸೂಜಿ ಮಾತ್ರ ಮುಟ್ಟುತ್ತಿರಲಿಲ್ಲ. ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ನಮ್ಮಲ್ಲಿ ಯಾರಿಗೆ ಒಂದಲ್ಲ ಒಂದು ಮುಟ್ಟಬಾರದ ದಿನ ಇಲ್ಲ?

ಒಮ್ಮೆ ಅವರ ಹೊಲಿಗೆ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ ಪುಟ್ಟ ಕ್ಯಾಲೆಂಡರ್ ಕಂಡಿತು. ನನಗೆ ಓದಲು ಬಾರದ ಅಕ್ಷರ. ಕೇಳಿದೆ.

"ನಾವು ಯಹೂದಿಗಳು," ಎಂದರು. "ಕೊಂಕಣದ ಯಹೂದಿಗಳು. ಹಿರಿಯರು ಗಾಣ ಆಡಿಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಊರಿನವರು ನಮ್ಮನ್ನು ಶನಿವಾರದ ಗಾಣಿಗರು ಅಂತ ಕರೆಯುತ್ತಿದ್ದರು."

"ಯಾರಿಗೂ ಹೇಳಲೇ ಇಲ್ಲವಲ್ಲ ಮಾವ್ಶಿ."

"ಯಾರು ಕೇಳಿದರು? ನೀನಂತೂ ಮೂರು ವರ್ಷ ನನಗೆ ಶನಿದೇವರ ಎಳ್ಳೆಣ್ಣೆ ತಂದುಕೊಟ್ಟೆ. ತಲೆಗೆ ಹಚ್ಚಿಕೊಂಡೆ. ಚೆನ್ನಾಗಿತ್ತು, ಗಾಣದ್ದೇ ಇರಬೇಕು."

ಸೂಜಿಯ ವಿಷಯವೂ ಆಗಲೇ ತಿಳಿಯಿತು. ಅವರ ಹಿರಿಯರು ಮರುಭೂಮಿಯಲ್ಲಿ ಅಲೆಯುತ್ತಿದ್ದಾಗ ಗಂಡಸರು ಚಿನ್ನದ ಕರು ಮಾಡಲು ಹೊರಟು ಹೆಂಗಸರ ಓಲೆಗಳನ್ನು ಕೇಳಿದರಂತೆ. ಹೆಂಗಸರು ಬಿಚ್ಚಿ ಕೊಡಲಿಲ್ಲ. ಅದಕ್ಕೆ ಮೆಚ್ಚಿ ದೇವರು ಹೊಸ ಚಂದ್ರನ ದಿನವನ್ನು ಅವರಿಗೆ ಬಿಡುವಿನ ದಿನವಾಗಿ ಕೊಟ್ಟನಂತೆ. "ಇದು ಶನಿವಾರದ ಹಾಗೆ ಆಜ್ಞೆಯಲ್ಲ," ಎಂದರು ಮಾವ್ಶಿ. "ಹೆಂಗಸರೇ ಹಿಡಿದುಕೊಂಡು ಬಂದದ್ದು. ಒಬ್ಬಳು ಒಗೆಯುವುದು ಬಿಟ್ಟಳು, ಒಬ್ಬಳು ನೂಲುವುದು ಬಿಟ್ಟಳು. ನನ್ನ ಅಜ್ಜಿ ಸೂಜಿ ಬಿಟ್ಟಳು, ಅಮ್ಮ ಸೂಜಿ ಬಿಟ್ಟಳು, ನಾನೂ ಬಿಟ್ಟೆ. ಆಜ್ಞೆ ಮುರಿದರೆ ದೇವರ ಹತ್ತಿರ ಕ್ಷಮೆ ಕೇಳಬಹುದು. ಇದನ್ನು ಮುರಿದರೆ ಯಾರ ಹತ್ತಿರ ಕೇಳಲಿ, ಅಜ್ಜಿ ಹತ್ತಿರವಾ?"

ನಾನು ಚೌತಿಯ ಚಂದ್ರನನ್ನು ನೋಡಬಾರದು ಎಂದಷ್ಟೇ ಕಲಿತು ಬಂದವಳು. ನಮ್ಮ ತುಳು ತಿಂಗಳುಗಳು ಸಂಕ್ರಾಂತಿಯಿಂದ ಸಂಕ್ರಾಂತಿಗೆ ಸೂರ್ಯನ ಹಿಂದೆ ಹೋಗುತ್ತವೆ. ಚಂದ್ರನ ದಿನವನ್ನು ಹೀಗೆ ಮೂರು ತಲೆಮಾರು ಬೆರಳ ತುದಿಯಲ್ಲಿ ಕಾಯ್ದುಕೊಂಡು ಬಂದವರನ್ನು ನಾನು ಕಂಡದ್ದು ಅದೇ ಮೊದಲು. ಅವತ್ತಿನಿಂದ ಅವರ ಕುರ್ಚಿಯ ಕಡೆ ನೋಡುವ ನನ್ನ ದೃಷ್ಟಿಯೇ ಬೇರೆಯಾಯಿತು.

ಈಗ ಆ ರಂಜಾನಿನ ವಿಷಯ.

ಎರಡನೆಯ ವಾರದಲ್ಲಿ ಮತ್ರಾದಿಂದ, ಮಸ್ಕತ್ತಿನ ಹಳೆಯ ಬಂದರಿನ ಕಡೆಯಿಂದ, ಒಬ್ಬ ಮುದುಕರು ಬಂದರು. ಒಳನಾಡಿನ ಇಬ್ರಿ ಕಡೆಯ ಹಳ್ಳಿಯವರು, ಬಹಳ ವರ್ಷದಿಂದ ಮತ್ರಾದ ಗಲ್ಲಿಯಲ್ಲಿ ಮನೆ. ಅಲ್ಲಿನ ಪೇಟೆ ಸೂಕ್‌ನಲ್ಲಿ ಭಾರತದವರ ಪಕ್ಕದಲ್ಲೇ ಬಾಳಿದ್ದರಿಂದ ಹಿಂದಿ ನನಗಿಂತ ಸ್ವಚ್ಛ. ಕೈಯಲ್ಲಿ ಬಿಳಿ ವಸ್ತ್ರದಲ್ಲಿ ಸುತ್ತಿದ ಅರ್ಧ ಹೊಲಿದ ಕುಮ್ಮಾ. ಹೆಂಡತಿ ಈ ಈದಿಗೆಂದು ಹೊಲಿಯುತ್ತಿದ್ದರಂತೆ. ಚಳಿಗಾಲದಲ್ಲಿ ತೀರಿಕೊಂಡರು. ಮೇಲ್ಭಾಗ ಮುಗಿದಿತ್ತು, ಸುತ್ತಿನ ಪಟ್ಟಿ ಅರ್ಧ ಆಗಿತ್ತು, ಉಳಿದ ಹೂವುಗಳು ಪೆನ್ಸಿಲ್ಲಿನ ಗೆರೆಯಲ್ಲಿದ್ದವು.

"ಮಶೀನು ಬೇಡ," ಎಂದರು. "ಈದಿನ ನಮಾಜಿಗೆ ಇದನ್ನೇ ಹಾಕಿಕೊಂಡು ಹೋಗಬೇಕು."

ಮಾವ್ಶಿ ಅದನ್ನು ಬೆರಳಿನಲ್ಲಿ ಸುತ್ತಲೂ ಮುಟ್ಟಿ ನೋಡಿದರು. ಬಹಳ ಹೊತ್ತು ಮುಟ್ಟಿದರು. "ಹೊಲಿದವರು ಎಡಗೈಯವರಾ?" ಎಂದು ಕೇಳಿದರು. ಮುದುಕರು ತಲೆಯಾಡಿಸಿದರು. ಆಮೇಲೆ ಹೌದು ಎಂದು ಬಾಯಿಬಿಟ್ಟೂ ಹೇಳಿದರು. ಮಾವ್ಶಿ ಒಪ್ಪಿಕೊಂಡರು. ಹಬ್ಬಕ್ಕೆ ಮೂರು ದಿನ ಮುಂಚೆ ಕೊಡುತ್ತೇನೆ ಎಂದರು.

ಕಣ್ಣು ಆ ಲೆಕ್ಕವನ್ನು ಕೆಡಿಸಿತು. ಎಡಗೈಯ ಸುತ್ತಿಗೆ ಹೊಂದುವಂತೆ ಅವರು ಪ್ರತಿ ತೂತನ್ನೂ ಉಲ್ಟಾ ಸುತ್ತಬೇಕಿತ್ತು. ಇಪ್ಪತ್ತು ನಿಮಿಷದ ಹೂವಿಗೆ ಅರ್ಧ ಗಂಟೆ ಹಿಡಿಯಿತು. ಯಾರಿಗೂ ಹೇಳಲಿಲ್ಲ. ರಂಜಾನಿನ ಇಪ್ಪತ್ತೆಂಟನೆಯ ದಿನ ಸೂರ್ಯ ಗುಡ್ಡದ ಮೇಲೆ ಒಂದು ಗೇಣು ಇರುವಾಗ ನಾನು ಎಣಿಸಿದೆ. ಆರು ಹೂವು ಉಳಿದಿದ್ದವು. ಮಾವ್ಶಿ ಸೂಜಿಯನ್ನು ದಿಂಬಿಗೆ ಚುಚ್ಚಿ ಡಬ್ಬಿ ಮುಚ್ಚಿದರು. ಅವರ ದಿನ ಸಂಜೆಯಿಂದ ಸಂಜೆಗೆ. ಆ ಸಂಜೆ ಹೊಸ ಚಂದ್ರನ ದಿನ ಶುರು.

ಹಾಜಿಯವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. ನಾಳೆ ಸಂಜೆ ಚಂದ್ರ ಕಂಡರೆ ನಾಡಿದ್ದು ಈದು. ಕಾಣದಿದ್ದರೆ ಮೂವತ್ತು ಪೂರ್ತಿ, ಇನ್ನೊಂದು ದಿನ ಸಿಕ್ಕಿತು. "ಲೋಕವೆಲ್ಲ ಚಂದ್ರ ಕಾಣಲಿ ಅಂತ ದುವಾ ಮಾಡ್ತದೆ," ಎಂದರು. "ದರ್ಜಿ ಮಾತ್ರ ಕಾಣದಿರಲಿ ಅಂತ. ನಮಗೆ ಸ್ವರ್ಗದಲ್ಲಿ ಜಾಗ ಎಲ್ಲಿಂದ ಬರಬೇಕು ಮಾರಾಯ್ರೆ." ಮತ್ತೆ ನನ್ನ ಹತ್ತಿರ ಬಂದು ತುಳುವಿನಲ್ಲಿ, "ಆ ಆರು ಹೂವು ನೀವೇ ಹಾಕಿ ಅಕ್ಕಾ," ಎಂದರು.

ನಾನು ಹಾಳು ಬಟ್ಟೆಯ ಮೇಲೆ ಒಂದು ಹೂವು ಹಾಕಿ ಮಾವ್ಶಿಯ ಕೈಗೆ ಕೊಟ್ಟೆ. ಅವರು ಮುಟ್ಟಿ ಹಿಂದಿರುಗಿಸಿದರು. "ಇದು ನಿನ್ನ ಹೂವು," ಎಂದರು. "ಅವಳ ಸಾಲಿನಲ್ಲಿ ಕುಳಿತರೆ ಮೊದಲ ದಿನ ಬಂದ ಸೊಸೆಯ ಹಾಗೆ ಕಾಣಿಸುತ್ತದೆ."

ಮರುದಿನ, ಇಪ್ಪತ್ತೊಂಬತ್ತು, ಅಂಗಡಿ ಜೇನುಗೂಡಿನಂತಿತ್ತು. ಏಳು ಮಶೀನು ಒಂದೇ ಸಮ. ಮಾವ್ಶಿ ತಮ್ಮ ಕುರ್ಚಿಯಲ್ಲಿ ಸುಮ್ಮನೆ ಕುಳಿತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಮಧ್ಯಾಹ್ನ ನಾನು ಕತ್ತರಿ ಇಟ್ಟು ಅವರ ಪಕ್ಕ ಕುಳಿತೆ. ನನ್ನ ಮುಖದಲ್ಲಿ ಅಸಮಾಧಾನ ಇದ್ದಿರಬೇಕು.

"ಚಂದ್ರನ ಕತೆ ಗೊತ್ತಾ ನಿನಗೆ?" ಎಂದರು. "ಮೊದಲಿಗೆ ಸೂರ್ಯ ಚಂದ್ರ ಇಬ್ಬರೂ ಒಂದೇ ಅಳತೆ. ಚಂದ್ರ ದೇವರ ಹತ್ತಿರ ಹೋಗಿ ಕೇಳಿದ, ಒಂದು ಕಿರೀಟವನ್ನು ಇಬ್ಬರು ರಾಜರು ಹಾಕಿಕೊಳ್ಳುವುದು ಹೇಗೆ ಅಂತ. ಸರಿ, ಹಾಗಾದರೆ ನೀನೇ ಚಿಕ್ಕವನಾಗು ಅಂದ ದೇವರು."

"ಕೇಳಿದ್ದೇ ತಪ್ಪಾಯಿತಲ್ಲ."

"ಚಂದ್ರನೂ ಹಾಗೇ ಅಂದ. ಸರಿಯಾದ ಮಾತು ಹೇಳಿದ್ದಕ್ಕೆ ನನಗೆ ಶಿಕ್ಷೆಯಾ ಅಂತ. ದೇವರಿಗೆ ಉತ್ತರ ಸಿಗಲಿಲ್ಲ. ಸಮಾಧಾನಕ್ಕೆ ನಕ್ಷತ್ರಗಳನ್ನು ಜೊತೆಗೆ ಕೊಟ್ಟ. ಆದರೂ ಚಂದ್ರನಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಪ್ರತಿ ಹೊಸ ಚಂದ್ರನ ದಿನ ನನ್ನ ತಪ್ಪಿಗಾಗಿ ಒಂದು ಆಡು ಬಲಿ ಕೊಡಿ ಅಂದ ದೇವರು. ದೇವರದೇ ತಪ್ಪಿಗೆ." ಅವರು ಒಂದು ನೀಲಿ ಗುಂಡಿಯನ್ನು ಬಿಳಿಯ ರಾಶಿಯಿಂದ ತೆಗೆದರು. "ನಮ್ಮ ಹಿರಿಯರು ಇದನ್ನು ಮುಚ್ಚಿಡದೆ ಹೇಳಿಕೊಂಡು ಬಂದರಲ್ಲ, ಅದು ನನಗೆ ಬಹಳ ಇಷ್ಟ."

ನನಗೂ ಇಷ್ಟವಾಯಿತು. ತನ್ನ ಕತ್ತರಿ ತಪ್ಪಿತು ಎಂದು ಒಪ್ಪಿಕೊಳ್ಳುವ ದೇವರನ್ನು ನಾನು ಬೇರೆಲ್ಲೂ ಕೇಳಿರಲಿಲ್ಲ.

ಅವರು ಮುಂದುವರಿಸಿದರು. ಈಗ ಅವರ ಕ್ಯಾಲೆಂಡರ್ ಅಚ್ಚಾಗಿ ಬರುತ್ತದೆ. ಹಿಂದೆ ಹಾಗಿರಲಿಲ್ಲ. ಚಂದ್ರನನ್ನು ಕಂಡವರು ನಡೆದು ಬಂದು ಪಂಚರ ಮುಂದೆ ಸಾಕ್ಷಿ ಹೇಳಬೇಕಿತ್ತು. ಬಂದವರಿಗೆ ಊಟ ಹಾಕುತ್ತಿದ್ದರು, ಮುಂದಿನ ತಿಂಗಳೂ ಬರಲಿ ಎಂದು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದರು. ಎಷ್ಟು ಎತ್ತರದಲ್ಲಿತ್ತು? ಸೂರ್ಯನ ಯಾವ ಪಕ್ಕ? ಕೊಂಬು ಯಾವ ಕಡೆಗೆ ಬಾಗಿತ್ತು? ನೀರಿನಲ್ಲಿ ಕಂಡೆ ಎಂದರೆ ಆ ಸಾಕ್ಷಿ ನಡೆಯುವುದಿಲ್ಲ. ಮೋಡದೊಳಗೆ ಕಂಡೆ ಎಂದರೂ ಇಲ್ಲ.

"ಆಕಾಶ ಹಬ್ಬ ಹೇಳುವುದಿಲ್ಲ," ಎಂದರು ಮಾವ್ಶಿ. "ನೋಡಿದವನು ಹೇಳಬೇಕು. ಅವನು ಕುರಿ ಕಾಯುವವನಾದರೂ ಸರಿ, ದೇವರು ಅವನ ಮಾತಿಗೆ ಕಾಯುತ್ತಾನೆ."

ನಾನು ಕೇಳಿದ್ದು ಬೇರೆ. "ನಿಮ್ಮ ದಿನ ಇವತ್ತು ಎಷ್ಟು ಹೊತ್ತಿಗೆ ಮುಗಿಯುತ್ತದೆ?"

"ಮೂರು ನಕ್ಷತ್ರ ಕಂಡಾಗ. ಹಗಲೇ ಕಾಣುವ ದೊಡ್ಡವಲ್ಲ, ಅಷ್ಟು ಸಣ್ಣವೂ ಅಲ್ಲ. ಒಂದು ಕಂಡರೆ ಇನ್ನೂ ಹಗಲು. ಎರಡಕ್ಕೆ ಸಂಶಯ. ಮೂರಕ್ಕೆ ರಾತ್ರಿ." ಗುಂಡಿಗಳನ್ನು ಬದಿಗೆ ಸರಿಸಿ, "ನನಗೆ ಕಾಣುವುದಿಲ್ಲ ಈಗ. ನೀನು ನೋಡಿ ಹೇಳು," ಎಂದರು.

ಸರಿ ಎಂದೆ. ಆರು ಸೂಜಿಗಳಿಗೆ ದಾರ ಪೋಣಿಸಿಟ್ಟೆ. ಆರು ಹೂವು, ಮೂರು ಗಂಟೆ. ಮೂರನೆಯ ನಕ್ಷತ್ರ ಕಂಡ ಕೂಡಲೇ ಕುಳಿತರೆ ಹತ್ತರೊಳಗೆ ಮುಗಿದೀತು. ಅದಕ್ಕಿಂತ ಹೆಚ್ಚು ಹೊತ್ತು ಆ ಕಣ್ಣು ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮುದುಕರು ಸೂರ್ಯ ಮುಳುಗುವ ಮುಂಚೆಯೇ ಬಂದರು. ಪ್ರತಿ ವರ್ಷ ಈ ಸಂಜೆ ಅವರು ಇಬ್ರಿಗೆ ಹೋಗಿ, ಪಶ್ಚಿಮಕ್ಕೆ ಏನೂ ಅಡ್ಡವಿಲ್ಲದ ಮರಳಿನ ಅಂಚಿನಲ್ಲಿ ನಿಂತು ಚಂದ್ರನನ್ನು ಹುಡುಕುವವರಂತೆ. ಚಂದ್ರ ನೋಡುವ ಸಮಿತಿಯ ಮುಂದೆ ಎರಡು ಸಲ ಸಾಕ್ಷಿ ಹೇಳಿದ್ದರಂತೆ. ಈ ವರ್ಷ ಕುಮ್ಮಾಕ್ಕಾಗಿ ಇಲ್ಲೇ ಉಳಿದರು. ಕೆಲಸ ಮುಗಿದಿಲ್ಲ, ನಕ್ಷತ್ರ ಕಂಡ ಮೇಲೆ ಶುರು ಎಂದು ನಾನು ಹೇಳಿದಾಗ ಅವರು ಯಾಕೆ ಎಂದು ಕೇಳಲಿಲ್ಲ. "ನಿಮ್ಮ ಮಾಳಿಗೆಯಿಂದ ಪಶ್ಚಿಮ ಕಾಣುತ್ತದಾ?" ಎಂದು ಕೇಳಿದರು.

ಇಬ್ಬರೂ ಹತ್ತಿದೆವು. ನೀರಿನ ಟ್ಯಾಂಕು, ಎರಡು ಡಿಶ್, ಒಣಗಲು ಹಾಕಿದ ಯೂನಿಫಾರಂ ಬಟ್ಟೆ. ಸುತ್ತಲೂ ಗುಡ್ಡ. ಪಶ್ಚಿಮದಲ್ಲಿ ಎರಡು ಗುಡ್ಡಗಳ ನಡುವೆ ಒಂದು ತಗ್ಗು. ಮೆಟ್ಟಿಲಿನ ಕೆಳಗೆ ಮಾವ್ಶಿ, ಮಡಿಲಲ್ಲಿ ಕುಮ್ಮಾ, ಪಕ್ಕದಲ್ಲಿ ದೀಪ. ಬಾಂಗ್ ಆಯಿತು. ಮುದುಕರು ಮೂರು ಖರ್ಜೂರ ತಿಂದು ನೀರು ಕುಡಿದು, ಟ್ಯಾಂಕಿನ ಪಕ್ಕ ನಮಾಜು ಮುಗಿಸಿ ಬಂದು ತಗ್ಗಿನ ಕಡೆ ತಿರುಗಿ ನಿಂತರು. ನಾನು ತಲೆ ಎತ್ತಿ ನಿಂತೆ.

ನನಗೆ ಮೊದಲ ನಕ್ಷತ್ರ ದಕ್ಷಿಣದಲ್ಲಿ ಕಂಡಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು, ವಾಯುವ್ಯದಲ್ಲಿ, ಸ್ವಲ್ಪ ಹಳದಿ. ಆಗ ಮುದುಕರು ಸಣ್ಣ ದನಿಯಲ್ಲಿ, "ಬೆಹೆನ್‌ಜೀ, ಆ ತಗ್ಗಿನಲ್ಲಿ ನಿಮಗೇನಾದರೂ ಕಾಣುತ್ತದಾ? ನಾನು ಮೊದಲೇ ಏನೂ ಹೇಳುವುದಿಲ್ಲ," ಎಂದರು.

ನೋಡಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಇತ್ತು. ಉಗುರಿನ ಅಂಚಿಗಿಂತ ತೆಳ್ಳಗೆ.

"ಇದೆ," ಎಂದೆ.

"ಕೊಂಬು ಯಾವ ಕಡೆಗೆ?"

"ಎರಡೂ ಮೇಲಕ್ಕೆ. ದೋಣಿಯ ಹಾಗೆ. ಎಡಗಡೆಯದು ಸ್ವಲ್ಪ ಎತ್ತರ."

"ನನಗೂ ಹಾಗೇ," ಎಂದು ಅವರು ಉಸಿರು ಬಿಟ್ಟರು. "ಖಲಾಸ್. ನಾಳೆ ಈದ್." ಸಂತೋಷದ ಮಾತೇ, ಆದರೆ ಅವರು ಕೆಳಗೆ, ಮೆಟ್ಟಿಲಿನ ದೀಪದ ಕಡೆ ನೋಡಿದರು. ಇನ್ನೊಂದು ದಿನ ಇಲ್ಲ ಎಂದು ಇಬ್ಬರಿಗೂ ಅರ್ಥವಾಯಿತು.

ಕೊಂಬು ಯಾವ ಕಡೆಗೆ ಎಂದು ಅವರು ಕೇಳಿದ್ದರು. ಮಧ್ಯಾಹ್ನ ಮಾವ್ಶಿ ಹೇಳಿದ್ದ ಹಳೆಯ ಪಂಚರ ಪ್ರಶ್ನೆ ಅದೇ. ಅದನ್ನು ನೆನೆಯುತ್ತಲೇ ನಾನು ಅವಸರದಿಂದ ಮತ್ತೆ ಆಕಾಶಕ್ಕೆ ತಿರುಗಿದೆ. ಪೂರ್ವದಲ್ಲಿ, ಗುಡ್ಡದ ತಲೆಯ ಮೇಲೆ, ಒಂದು ಬೆಳಕು. ಸಣ್ಣದು, ಬಿಳಿ. ಅದು ಮಿನುಗುತ್ತಿರಲಿಲ್ಲ. ಮಿನುಗುತ್ತಿಲ್ಲ ಎಂದು ನಾನು ಗಮನಿಸಿದೆ. ಇಲ್ಲಿ ಸರಿಯಾಗಿ ಹೇಳಬೇಕು: ನಾನು ಮೋಸಹೋಗಲಿಲ್ಲ. ಸಂಶಯ ಬಂತು, ಬಂದ ಸಂಶಯವನ್ನು ಪಕ್ಕಕ್ಕೆ ಸರಿಸಿದೆ. ಬಗ್ಗಿ ಮೆಟ್ಟಿಲಿನ ಕೆಳಗೆ ಕೂಗಿದೆ.

"ಮಾವ್ಶಿ, ಮೂರು."

ಕೆಳಗೆ ದೀಪ ಸ್ವಲ್ಪ ಸರಿಯಿತು. ಅವರು ಸೂಜಿ ಎತ್ತಿಕೊಂಡರು.

ಮುದುಕರು ನನ್ನ ಬೆನ್ನ ಹಿಂದೆ ನಿಂತು ಆಕಾಶವನ್ನು ಒಂದು ಸುತ್ತು ನೋಡಿದರು. "ಮೂರನೆಯದು ಯಾವುದು?"

ಬೆರಳು ತೋರಿಸಿದೆ.

"ಅದು ಗುಡ್ಡದ ಮೇಲಿನ ಕಂಬದ ದೀಪ," ಎಂದರು.

ಅವರು ಬೇಕಿದ್ದರೆ ಸುಮ್ಮನಿರಬಹುದಿತ್ತು. ಆ ಕುಮ್ಮಾಕ್ಕೆ ಬೇಕಾದ ಪ್ರತಿ ನಿಮಿಷವೂ ಅವರದೇ. ಅವರು ಟ್ಯಾಂಕಿಗೆ ಒರಗಿ ಹೇಳಿದರು: "ನಮ್ಮ ಹಳ್ಳಿಯಲ್ಲಿ ಫಲಜಿನ ನೀರು, ಅದೇ ಊರ ಕಾಲುವೆಯದು, ರಾತ್ರಿ ನಕ್ಷತ್ರದ ಮೇಲೆ ತಿರುಗುತ್ತಿತ್ತು. ಇಂಥ ನಕ್ಷತ್ರ ಗುಡ್ಡದ ಮೇಲೆ ಬಂದರೆ ಇವರ ಕಾಲುವೆ ಮುಚ್ಚಿ, ಅವರ ಗದ್ದೆಗೆ ಬಿಡುವುದು. ಒಬ್ಬ ಮನುಷ್ಯ ಬಾರದ ನಕ್ಷತ್ರವನ್ನು ಬಂತು ಅಂದ. ಸ್ವಲ್ಪ ಹೊತ್ತಿನ ನೀರು, ಹೆಚ್ಚೇನಲ್ಲ. ಆಮೇಲೆ ಯಾರೂ ಅವನನ್ನು ಬಯ್ಯಲಿಲ್ಲ. ಗಂಟೆ ಎಷ್ಟು ಅಂತ ಕೂಡ ಅವನ ಹತ್ತಿರ ಕೇಳಲಿಲ್ಲ, ಅಷ್ಟೇ."

ನಾನು ಮೆಟ್ಟಿಲಿಳಿದೆ. ಹದಿನಾಲ್ಕು ಮೆಟ್ಟಿಲು. ಮಾವ್ಶಿ ತಲೆ ತಗ್ಗಿಸಿ ಸುತ್ತುತ್ತಿದ್ದರು.

"ಮಾವ್ಶಿ, ನಿಲ್ಲಿಸಿ."

ಅವರು ಬೆರಳು ನಿಲ್ಲಿಸಿದರು. "ಎಷ್ಟು ಕಂಡಿತು?"

"ಎರಡು."

"ಹೇಳಿದ್ದು?"

"ಮೂರು."

ಅವರು ನನ್ನ ಕಡೆ ತಿರುಗಿದರು. ಆ ಮಂಜುಗಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ ಗೊತ್ತಿಲ್ಲ. ಬಯ್ಯಲಿಲ್ಲ. ಸೂಜಿಯನ್ನು ಕೈಬಿಟ್ಟರು. ಅದು ದಾರದಲ್ಲಿ ಜೋತಾಡಿತು. "ಹೋಗು," ಎಂದರು. "ಮತ್ತೆ ನೋಡು. ಕಂಡ ಮೇಲೆ ಬಂದು ಹೇಳು, ಅಲ್ಲಿಂದ ಕೂಗಬೇಡ."

ಮತ್ತೆ ಅವರು ನನ್ನನ್ನೇ ಕಳಿಸಿದರು. ಮುದುಕರು ಮೇಲಿದ್ದರು, ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ. ಇವತ್ತಿಗೂ ಆ ಒಂದು ಮಾತನ್ನು ನೆನೆದರೆ ನನ್ನ ಎದೆ ತುಂಬುತ್ತದೆ.

ಎಷ್ಟು ಹೊತ್ತು ನಿಂತೆ ಹೇಳಲಾರೆ. ಚಂದ್ರ ತಗ್ಗಿನ ತಳಕ್ಕೆ ಇಳಿದಿತ್ತು. ಮೂರನೆಯದು ನೆತ್ತಿಯ ಹತ್ತಿರ ಬಂತು, ತೀರ ಮಂಕು, ನೇರ ನೋಡಿದರೆ ಹೋಗುತ್ತಿತ್ತು, ಪಕ್ಕಕ್ಕೆ ನೋಡಿದರೆ ಇರುತ್ತಿತ್ತು. ನಾನು ಕಾಯ್ದೆ. ನೇರ ನೋಡಿದಾಗಲೂ ನಿಲ್ಲುವ ತನಕ ಕಾಯ್ದೆ. ನಿಂತಿತು. ಮಿನುಗಿತು. ಅಷ್ಟರಲ್ಲಿ ನಾಲ್ಕನೆಯದೂ ಬಂದಿತ್ತು. ಮುದುಕರ ಕಡೆ ನೋಡಿದೆ. ಅವರು ನನಗೆ ಸಹಾಯ ಮಾಡಲಿಲ್ಲ, ಸಮುದ್ರದ ಕಡೆಗೆ ಮುಖ ಮಾಡಿ ನಿಂತಿದ್ದರು. ಇಳಿದು ಹೋಗಿ ಹೇಳಿದೆ.

ಮಾವ್ಶಿ ಮೊದಲು ಮಾಡಿದ್ದು ಬಿಚ್ಚುವ ಕೆಲಸ. ನನ್ನ ಸುಳ್ಳಿನ ಮೇಲೆ ಹಾಕಿದ ಸುತ್ತು ಏಳು. ಏಳನ್ನೂ ಒಂದೊಂದಾಗಿ ಸೂಜಿಯ ತುದಿಯಿಂದ ಎತ್ತಿ ತೆಗೆದರು. "ಬಿಡಿ ಮಾವ್ಶಿ, ಹೊತ್ತಾಗುತ್ತದೆ," ಎಂದೆ.

"ಆ ದಾರ ಅವಳ ಪಕ್ಕ ಕೂರುತ್ತದೆ," ಎಂದರು. ಅವಳು ಎಂದರೆ ಆ ತೀರಿಹೋದ ಹೆಂಗಸು. ಹೊಸ ದಾರ ಹಿಡಿದರು.

ಒಳಗೆ ಹಾಜಿಯವರು ಹುಡುಗರಿಗೆಲ್ಲ ಯಲ್ಲಾ ಯಲ್ಲಾ ಎನ್ನುತ್ತಿದ್ದರು. ಫೋನುಗಳಲ್ಲಿ ಈದಿನ ಸುದ್ದಿ ಬರತೊಡಗಿತ್ತು. ಮಾವ್ಶಿಯ ಹತ್ತಿರ ಯಾರೂ ಬರಲಿಲ್ಲ. ಮುದುಕರು ಎದುರಿನ ಸ್ಟೂಲಿನಲ್ಲಿ ಕೈಕಟ್ಟಿ ಕುಳಿತರು. ಐದು ಹೂವು ಆಯಿತು. ಆರನೆಯದಕ್ಕೆ ತೂತು ಚುಚ್ಚಿದರು. ಒಂದು ಸುತ್ತು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು. ಸೂಜಿಯನ್ನು ದಿಂಬಿಗೆ ಚುಚ್ಚಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅಳುವಿನದಲ್ಲ.

"ಇಷ್ಟೇ," ಎಂದರು. "ಒಂದು ಉಳಿಯಿತು."

"ನನ್ನಿಂದ ಉಳಿಯಿತು," ಎಂದು ನಾನು ಮುದುಕರಿಗೆ ಹೇಳಿದೆ. "ಏಳು ಸುತ್ತು ಬಿಚ್ಚಿ, ಮತ್ತೆ ಹಾಕಿ—"

ಅವರು ಕುಮ್ಮಾ ತೆಗೆದುಕೊಂಡು ದೀಪಕ್ಕೆ ಹಿಡಿದು ಸುತ್ತಲೂ ತಿರುಗಿಸಿದರು. "ಅವಳದು ಎಲ್ಲಿ ಮುಗಿಯಿತು, ನಿಮ್ಮದು ಎಲ್ಲಿ ಶುರುವಾಯಿತು?" ಎಂದು ಮಾವ್ಶಿಯನ್ನು ಕೇಳಿದರು. ಮಾವ್ಶಿ ಬೆರಳಿಟ್ಟು ತೋರಿಸಿದರು. ಅವರು ಆ ಜಾಗವನ್ನು ಬಹಳ ಹೊತ್ತು ನೋಡಿದರು. ತಲೆಗೆ ಇಟ್ಟುಕೊಂಡರು. ಹೂವಿಲ್ಲದ ತೂತುಗಳ ಭಾಗವನ್ನು ಹಿಂದಕ್ಕೆ ತಿರುಗಿಸಿಕೊಂಡರು.

"ಅಲ್ಲಿಂದ ಗಾಳಿ ಜಾಸ್ತಿ ಬರುತ್ತದೆ," ಎಂದರು. "ನಾಳೆ ಸೆಖೆ."

ಹಾಗೇ ಅವರು ಈದಿನ ನಮಾಜಿಗೆ ಹೋದರು. ಅದನ್ನು ನಾನು ನೋಡಲಿಲ್ಲ. ಹಾಜಿಯವರು ಮತ್ರಾದಲ್ಲಿ ನೋಡಿದ್ದಾಗಿ ಹೇಳಿದರು.

ಆ ರಾತ್ರಿ ಮುದುಕರು ಹೊರಡುವ ಮುಂಚೆ ಮಾವ್ಶಿ ಅವರನ್ನು ಒಂದು ಪ್ರಶ್ನೆ ಕೇಳಿದ್ದರು. ಮನೆಯಲ್ಲಿ ಹಣ್ಣಿನ ಮರ ಇದೆಯಾ, ಈಗ ಹೂ ಬಿಟ್ಟಿದೆಯಾ ಎಂದು. ಅಂಗಳದಲ್ಲಿ ಒಂದು ದಾಳಿಂಬೆ, ಒಂದು ನಿಂಬೆ, ಎರಡೂ ಹೆಂಡತಿ ನೆಟ್ಟದ್ದು ಎಂದರು ಅವರು. ಈದಿನ ಮೂರನೆಯ ದಿನ ಬೆಳಗ್ಗೆ ನಾವಿಬ್ಬರೂ ಶೇರ್ ಟ್ಯಾಕ್ಸಿಯಲ್ಲಿ ಮತ್ರಾಕ್ಕೆ ಹೋದೆವು. ದಾರಿಯಲ್ಲಿ ಮಾವ್ಶಿ ಹೇಳಿದರು: ಈಗ ಶುರುವಾದ ತಿಂಗಳು ಅವರಿಗೆ ವಸಂತದ್ದು. ಈ ತಿಂಗಳಲ್ಲಿ ವರ್ಷಕ್ಕೊಂದೇ ಸಲ, ಹೂ ಬಿಟ್ಟ ಹಣ್ಣಿನ ಮರವನ್ನು ನೋಡಲು ಮನೆಯಿಂದ ಹೊರಗೆ ಹೋಗಬೇಕು. ಕಂಡಾಗ ಒಂದು ಮಾತು ಹೇಳಬೇಕು. ಮನುಷ್ಯರು ನೋಡಿ ಸಂತೋಷಪಡಲಿ ಎಂದು ಇಂಥ ಮರಗಳನ್ನು ಮಾಡಿ, ತನ್ನ ಲೋಕದಲ್ಲಿ ಏನೂ ಕಡಿಮೆ ಮಾಡದವನಿಗೆ ಸ್ತುತಿ ಎಂದು ಅದರ ಅರ್ಥ.

"ಚಂದ್ರನನ್ನು ಕಡಿಮೆ ಮಾಡಿದನಲ್ಲ?" ಎಂದೆ.

"ಅದಕ್ಕೇ ಮರದ ಹತ್ತಿರ ಹೇಳುತ್ತೇವೆ," ಎಂದು ನಕ್ಕರು. "ಚಂದ್ರನ ಮುಂದೆ ಹೇಳಿದರೆ ಜಗಳವಾದೀತು."

ಮುದುಕರು ಹಲ್ವಾ, ಕಾಫಿ ಕೊಟ್ಟರು. ನೀವು ಯಾವ ಪೈಕಿ ಎಂದು ಮಾವ್ಶಿಯನ್ನು ಕೇಳಿದರು. ಅವರು ಹೇಳಿದರು. ಮುದುಕರು, ಉತ್ತರದ ಸೊಹಾರ್ ಪಟ್ಟಣದಲ್ಲಿ ನಿಮ್ಮವರ ಹಳೆಯ ಗೋರಿಗಳಿವೆ ಎಂದು ತಮ್ಮ ಅಜ್ಜ ಹೇಳುತ್ತಿದ್ದರು ಎಂದರು. ಮತ್ತೆ ಕಾಫಿ ಬಗ್ಗಿಸಿದರು. ಮಾವ್ಶಿ ಅಂಗಳದ ಬೆಳಕಿಗೆ ಕುರ್ಚಿ ಎಳೆದುಕೊಂಡು ಆರನೆಯ ಹೂವು ಮುಗಿಸಿದರು. ಹಗಲಿನಲ್ಲಿ ಅದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಸೂಜಿ ಪೋಣಿಸಿದ್ದು ನಾನು.

ಆಮೇಲೆ ಎದ್ದು ಮರಗಳ ಮುಂದೆ ನಿಂತರು. ದಾಳಿಂಬೆ ಗೋಡೆಗಿಂತ ಸ್ವಲ್ಪ ಎತ್ತರ. ಅವರು ಮುಖ ಹತ್ತಿರ ತಂದರು, ದೂರ ಮಾಡಿದರು. ಅವರಿಗೆ ಹಸಿರು ಕಂಡಿತು, ಕೆಂಪು ಬರಿಯ ಕಲೆಯಾಗಿ ಕಂಡಿತು.

"ನೀನು ಹೇಳು," ಎಂದರು ನನಗೆ. "ನಿಂಬೆ?"

ನಾನು ಕೊಂಬೆಯನ್ನು ಬಗ್ಗಿಸಿ ನೋಡಿದೆ. "ಬಿಟ್ಟಿದೆ. ಬಿಳಿ, ತುಂಬ. ಎಣಿಸಲಾರೆ."

"ದಾಳಿಂಬೆ?"

ಒಂದೊಂದನ್ನೂ ಮುಟ್ಟದೆ, ಹತ್ತಿರದಿಂದ ನೋಡಿದೆ. ಮರದ ಆಚೆ ಬದಿಗೂ ಹೋಗಿ ನೋಡಿ ಬಂದೆ. ಮುದುಕರು ತಲೆಯ ಮೇಲೆ ಕುಮ್ಮಾ ಇಟ್ಟು ಬಾಗಿಲಲ್ಲಿ ನಿಂತಿದ್ದರು.

"ಏಳು ಅರಳಿವೆ," ಎಂದೆ. "ಎಂಟನೆಯದು ಬಾಯಿ ಬಿಟ್ಟಿದೆ. ಅದು ಹೂವೋ ಮೊಗ್ಗೋ ನನಗೆ ಗೊತ್ತಾಗುತ್ತಿಲ್ಲ."

"ಹಾಗಾದರೆ ಅದನ್ನು ಬಿಡು," ಎಂದರು ಮಾವ್ಶಿ. ತಲೆಯ ಮೇಲೆ ಸೆರಗು ಎಳೆದುಕೊಂಡರು. "ಏಳು ಸಾಕು."